ನಕುರು, ರಾಯಚೂರು, ಕೊಪ್ಪಳ: ಕ್ಷಿಪ್ರ ಅಂಧತ್ವ ಸಮೀಕ್ಷೆಯಲ್ಲಿ ಘಟಕ ಮತ್ತು ಕರ್ತೃತ್ವದ ಪ್ರಶ್ನೆ

ಆಫ್ರಿಕಾದ ಕಣ್ಣಿನ ಆರೋಗ್ಯ ಸಂಶೋಧನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ನಿಲುವನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ: ವಿಧಾನ ಲಂಡನ್ನಿನಲ್ಲಿ ಹುಟ್ಟುತ್ತದೆ, ರೋಗಿಗಳು ಆಫ್ರಿಕಾದ ಹಳ್ಳಿಗಳಲ್ಲಿರುತ್ತಾರೆ, ಲೇಖನ ಪಶ್ಚಿಮದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇದು ಬಹುಮಟ್ಟಿಗೆ ನಿಜ. ಆದರೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ‘ರಾಬ್’ ಎಂಬ ಕ್ಷಿಪ್ರ ಅಂಧತ್ವ ಸಮೀಕ್ಷೆಯ ಮಟ್ಟಿಗೆ ಈ ಚಿತ್ರ ಅಪೂರ್ಣ. ಅದರ ಹಿಂದೆ ಭಾರತದ, ಅದರಲ್ಲೂ ಕರ್ನಾಟಕದ, ಒಂದು ಅಧ್ಯಾಯವಿದೆ. ಆ ಅಧ್ಯಾಯದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಎಲ್ಲಿ ಉಳಿದವು ಎಂಬುದೇ ಈ ಲೇಖನದ ವಿಷಯ.

ಒಪ್ಪಿತ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಅದಕ್ಕೆ ಡೆನ್ಮಾರ್ಕ್ ಸರ್ಕಾರ ನೀಡಿದ ನೆರವಿನ ಭಾಗವಾಗಿ ಹ್ಯಾನ್ಸ್ ಲಿಂಬರ್ಗ್ ಇಲ್ಲಿ ಕೆಲಸ ಮಾಡಿದರು. ಲಿಂಬರ್ಗ್, ಆರ್. ಕುಮಾರ್ ಮತ್ತು ಡಿ. ಬಚಾನಿ 1996ರಲ್ಲಿ ಭಾರತದ ಪೊರೆ ಚಿಕಿತ್ಸೆಯ ಮೌಲ್ಯಮಾಪನದ ಬಗ್ಗೆ ಬರೆದರು. 1998ರಲ್ಲಿ ಲಿಂಬರ್ಗ್ ಮತ್ತು ಕುಮಾರ್ ಕರ್ನಾಟಕದಲ್ಲಿ ಪೊರೆಯಿಂದಾದ ಅಂಧತ್ವದ ಅನುಸರಣಾ ಅಧ್ಯಯನವನ್ನು ‘ಆಫ್ತಾಲ್ಮಿಕ್ ಎಪಿಡೆಮಿಯಾಲಜಿ’ಯಲ್ಲಿ ಪ್ರಕಟಿಸಿದರು. ಐವತ್ತು ದಾಟಿದವರನ್ನು ಮಾತ್ರ ಪರೀಕ್ಷಿಸುವುದು, ದುಬಾರಿ ಉಪಕರಣಗಳಿಲ್ಲದೆ ಮನೆಮನೆಗೆ ಹೋಗುವುದು, ಕೆಲವೇ ವಾರಗಳಲ್ಲಿ ಲೆಕ್ಕ ಮುಗಿಸುವುದು: ಇವು ಆ ಕ್ಷಿಪ್ರ ವಿಧಾನದ ಲಕ್ಷಣಗಳು. ಅದು ಪೊರೆಯ ಆಚೆಗಿನ ಕಾರಣಗಳಿಗೂ ವಿಸ್ತರಿಸಿ ‘ರಾಬ್’ ಆಯಿತು. ಅದರ ಮೊದಲ ಪ್ರಯೋಗ ನಡೆದದ್ದು 2005ರಲ್ಲಿ, ಕೀನ್ಯಾದ ನಕುರು ಜಿಲ್ಲೆಯಲ್ಲಿ. 76 ಗುಚ್ಛ, ಗುಚ್ಛಕ್ಕೆ 50 ಜನ. ಎರಡೂ ಕಣ್ಣಿನ ಅಂಧತ್ವ ಶೇ. 2.0 ಎಂದು ಕಂಡುಬಂತು. 2007ರಲ್ಲಿ ‘ಆಫ್ತಾಲ್ಮಾಲಜಿ’ಯಲ್ಲಿ ಬಂದ ಆ ಲೇಖನದ ಮೊದಲ ಕರ್ತೃ ಕೀನ್ಯಾದ ನೇತ್ರತಜ್ಞೆ ವಾಂಜಿಕು ಮಥೆಂಗೆ. ಲಿಂಬರ್ಗ್ ಸಹಲೇಖಕರಲ್ಲಿ ಒಬ್ಬರು.

ಇಲ್ಲಿಂದ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಈ ಪರಂಪರೆಯ ಮೂಲ ನಂಬಿಕೆ, ಯೋಜನೆಗೆ ಜಿಲ್ಲೆಯೇ ಸಾಕಾದ ಘಟಕ ಎಂಬುದು. ಶಸ್ತ್ರಚಿಕಿತ್ಸೆಯ ಗುರಿ, ಶಿಬಿರಗಳ ವೇಳಾಪಟ್ಟಿ, ಅನುದಾನ ಎಲ್ಲವೂ ಜಿಲ್ಲಾ ಅಂಧತ್ವ ನಿಯಂತ್ರಣ ಸೊಸೈಟಿಯ ಮೂಲಕವೇ ಸಾಗುತ್ತಿದ್ದುದರಿಂದ ಆಡಳಿತದ ಮಟ್ಟಿಗೆ ಈ ತರ್ಕ ದೃಢವಾಗಿದೆ. ಆದರೆ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ಯಾವುದೇ ಜಿಲ್ಲಾವಾರು ಅಂಕಿಯಲ್ಲಿ ಈ ನಾಲ್ಕು ತಾಲ್ಲೂಕುಗಳು ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸೂಗೂರು, ಸಿಂಧನೂರುಗಳ ಜೊತೆ ಬೆರೆತಿವೆ. ಹಳೆಯ ರಾಯಚೂರಿನ ಅಂಕಿಯನ್ನು ಕೊಪ್ಪಳದ ಆರಂಭಬಿಂದುವೆಂದು ಹಿಡಿಯುವುದು ತಪ್ಪು ಎಂಬುದು ನನ್ನ ವಾದ.

ಇದು ಪ್ರಾದೇಶಿಕ ಅಭಿಮಾನದ ಮಾತಲ್ಲ, ಲೆಕ್ಕದ ಮಾತು. 2015–19ರ ರಾಷ್ಟ್ರೀಯ ಸಮೀಕ್ಷೆ 31 ಜಿಲ್ಲೆಗಳಲ್ಲಿ ಐವತ್ತು ದಾಟಿದವರ ಅಂಧತ್ವವನ್ನು ಶೇ. 1.99 ಎಂದು ಅಂದಾಜಿಸಿದೆ. ಶೇ. 2ನ್ನೇ ಇಟ್ಟುಕೊಳ್ಳೋಣ. ಒಂಬತ್ತು ತಾಲ್ಲೂಕುಗಳ ಜಿಲ್ಲೆಯಲ್ಲಿ 3,000 ಜನರನ್ನು ಪರೀಕ್ಷಿಸಿದರೆ, ತಾಲ್ಲೂಕುಗಳ ಜನಸಂಖ್ಯೆ ಸಮವೆಂದು ಭಾವಿಸಿದಲ್ಲಿ, ಒಂದು ತಾಲ್ಲೂಕಿಗೆ 333 ಜನ ಬರುತ್ತಾರೆ. ಅವರಲ್ಲಿ ಅಂಧರು ಆರು ಅಥವಾ ಏಳು. ಗುಚ್ಛ ಮಾದರಿಯ ವಿನ್ಯಾಸ ಪರಿಣಾಮವನ್ನು 1.5 ಎಂದು ಹಿಡಿದರೆ ಕುಷ್ಟಗಿಯ ಅಂಧತ್ವ ಶೇ. 0.2ರಿಂದ 3.8ರವರೆಗೆ ಎಲ್ಲಿಯಾದರೂ ಇರಬಹುದು. ನಾಲ್ಕೂ ತಾಲ್ಲೂಕುಗಳನ್ನು ಕೂಡಿಸಿ ಇಂದಿನ ಕೊಪ್ಪಳವನ್ನು ಬಿಡಿಸಿ ನೋಡಿದರೂ ಮಿತಿ ಶೇ. 1.1ರಿಂದ 2.9. ಅಂದರೆ ಕೆಳತುದಿಗೂ ಮೇಲ್ತುದಿಗೂ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರ. ಇಷ್ಟು ಅಗಲದ ಅಂದಾಜಿನಿಂದ ಹತ್ತು ವರ್ಷಗಳ ಪ್ರಗತಿಯನ್ನು ಅಳೆಯಲಾಗದು. ಕಡಿಮೆಯಾಯಿತೆಂದರೂ ಹೆಚ್ಚಿತೆಂದರೂ ಅಂಕಿ ಅಡ್ಡಿಮಾಡುವುದಿಲ್ಲ.

ತಾಲ್ಲೂಕುಗಳ ನಡುವೆ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೆ ಈ ಆಕ್ಷೇಪ ತಾಂತ್ರಿಕವಾಗಿಯಷ್ಟೇ ಉಳಿಯುತ್ತದೆ. ಇದೆ ಎಂದು ನಂಬಲು ಕಾರಣಗಳಿವೆ. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಹೊಲಗಳು. ಭತ್ತದ ಕೊಯ್ಲಿನಲ್ಲಿ ಗರಿ ತಾಗಿ, ಒಕ್ಕುವಾಗ ಹೊಟ್ಟು ಸಿಡಿದು ಕಣ್ಣಿನ ಕರಿಗುಡ್ಡೆಗೆ ಗಾಯವಾಗುವುದು, ಅದಕ್ಕೆ ಶಿಲೀಂಧ್ರ ಸೋಂಕು ತಗಲುವುದು ದಕ್ಷಿಣ ಭಾರತದ ವೈದ್ಯರಿಗೆ ಚಿರಪರಿಚಿತ. ಒಣಸೀಮೆಯಲ್ಲಿ ಸಮಸ್ಯೆ ಬಹುಶಃ ಬೇರೆ: ಆಸ್ಪತ್ರೆಯ ದೂರ, ದುಡಿಯಲು ಗುಳೆ ಹೋದ ಮಕ್ಕಳು, ಕರೆದುಕೊಂಡು ಹೋಗುವವರಿಲ್ಲದೆ ಬಲಿಯುವ ಪೊರೆ. ಒಟ್ಟು ಅಂಧತ್ವ ಎರಡೂ ಕಡೆ ಒಂದೇ ಇರಬಹುದು, ಆದರೆ ಕಾರಣಗಳ ಹಂಚಿಕೆ ಒಂದೇ ಇರಲಾರದು. ಇದು ಭೂಗೋಳದಿಂದ ಮಾಡಿದ ಊಹೆಯೇ ಹೊರತು ಅಳೆದ ಫಲಿತಾಂಶವಲ್ಲ. ಪ್ರತಿ ತಾಲ್ಲೂಕಿಗೂ ಪೂರ್ಣ ‘ರಾಬ್’ ನಡೆಸಬೇಕೆಂದೂ ನಾನು ಹೇಳುತ್ತಿಲ್ಲ; ಖರ್ಚು ಹಲವು ಪಟ್ಟಾದೀತು. ನೀರಾವರಿ ಮತ್ತು ಒಣಸೀಮೆ ಎಂಬ ಎರಡು ಸ್ತರ ಮಾಡಿ ಮಾದರಿ ಆಯ್ದರೂ ಈಗಿನದಕ್ಕಿಂತ ಹೆಚ್ಚು ತಿಳಿಯುತ್ತದೆ.

ಕರ್ತೃತ್ವದ ಪ್ರಶ್ನೆ ಇಲ್ಲಿಗೆ ಸೇರುತ್ತದೆ. ಮಥೆಂಗೆ ಅವರು ಜಾನ್ ನ್ಕುರಿಕಿಯೆ, ಲಿಂಬರ್ಗ್ ಮತ್ತು ಹ್ಯಾನಾ ಕೂಪರ್ ಜೊತೆ ಪಶ್ಚಿಮ ರುವಾಂಡಾದಲ್ಲಿ ಮಾಡಿದ ಸಮೀಕ್ಷೆ 2007ರಲ್ಲೇ ‘ಪಿಎಲ್‌ಒಎಸ್ ಮೆಡಿಸಿನ್’ನಲ್ಲಿ ಬಂತು. ಅದು ಮುಕ್ತ ಪ್ರವೇಶದ ಪತ್ರಿಕೆ. ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಇಂದೇ ಅದನ್ನು ಓದಬಹುದು. ಕರ್ನಾಟಕದ ಜನರನ್ನೇ ಕುರಿತ 1998ರ ಲೇಖನ ಮಾತ್ರ ಚಂದಾ ಕೊಟ್ಟವರ ಪತ್ರಿಕೆಯಲ್ಲಿ ಬಂತು. ಇಲಾಖೆಯ ವರದಿಗಳ ರೂಪದಲ್ಲಿ ಆ ಮಾಹಿತಿ ಜಿಲ್ಲೆಗಳಿಗೆ ತಲುಪಿರಲು ಸಾಧ್ಯ, ಮುಕ್ತ ಪ್ರಕಟಣೆ 1998ರಲ್ಲಿ ಇನ್ನೂ ರೂಢಿಯಾಗಿರಲಿಲ್ಲ ಎಂಬುದೂ ನಿಜ. ಆದರೂ ರುವಾಂಡಾದ ಕಣ್ಣಿನ ಲೆಕ್ಕ ಕೊಪ್ಪಳಕ್ಕೆ ಸುಲಭವಾಗಿ ಸಿಕ್ಕು, ಕರ್ನಾಟಕದ್ದು ಸಿಗದಿರುವ ಸ್ಥಿತಿಯನ್ನು ಸಹಿಸಿಕೊಂಡು ಕೂರಬಾರದು.

ಮೊದಲ ಹೆಸರು ಸ್ಥಳೀಯರದ್ದಾದ ಮಾತ್ರಕ್ಕೆ ಸಂಶೋಧನೆ ಸ್ಥಳೀಯರ ಕೈಯಲ್ಲಿತ್ತು ಎನ್ನಲಾಗದು. ಪ್ರಶ್ನೆಯನ್ನು ಆರಿಸಿದವರು, ದತ್ತಾಂಶವನ್ನು ಇಟ್ಟುಕೊಂಡವರು ಯಾರು ಎಂಬುದು ಹೆಸರುಗಳ ಅನುಕ್ರಮದಲ್ಲಿ ಕಾಣುವುದಿಲ್ಲ. ನಕುರುವಿನಲ್ಲಿ 2007–08ರಲ್ಲಿ 4,414 ಜನರನ್ನು ವಿವರವಾಗಿ ಪರೀಕ್ಷಿಸಿದ ಅಧ್ಯಯನದ ಮೊದಲ ಕರ್ತೃವೂ ಮಥೆಂಗೆಯೇ. ಆದರೆ 2013–14ರಲ್ಲಿ ಅದೇ ಜನರ ಬಳಿಗೆ ಮರಳಿದ ತಂಡದ ಮುಂದಾಳು ಲಂಡನ್ನಿನ ಆಂಡ್ರ್ಯೂ ಬಸ್ತವ್ರಸ್. ಸಹಯೋಗದ ತೂಕ ಎರಡೂ ಕಡೆಗೆ ವಾಲುತ್ತಾ ಬಂದಿದೆ. ನಕುರುವಿನಿಂದ ಕೊಪ್ಪಳ ಪಡೆಯಬೇಕಾದದ್ದು ಆ ನಿರಂತರತೆಯನ್ನು: ಕ್ಷಿಪ್ರ ಸಮೀಕ್ಷೆಯ ಬೆನ್ನಿಗೇ ಆಳವಾದ ಅಧ್ಯಯನ, ಅದರ ಬೆನ್ನಿಗೆ ಮರುಭೇಟಿ. 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇಂಥ ಕೆಲಸಕ್ಕೆ ಸಹಜ ನೆಲೆ.

ಒಂದು ತೊಡಕನ್ನು ಮೇಲಿನ ವಾದ ಬಗೆಹರಿಸಿಲ್ಲ. ‘ರಾಬ್’ ಐವತ್ತು ದಾಟಿದವರನ್ನಷ್ಟೇ ನೋಡುತ್ತದೆ. ಗಂಗಾವತಿಯ ಗದ್ದೆಯಲ್ಲಿ ಗಾಯಗೊಳ್ಳುವವರಲ್ಲಿ ಬಹುಪಾಲು ಅದಕ್ಕಿಂತ ಚಿಕ್ಕವರಿರಬಹುದು, ಅದೂ ಒಂದೇ ಕಣ್ಣು ಕಳೆದುಕೊಂಡವರು. ಎರಡೂ ಕಣ್ಣಿನ ಅಂಧತ್ವದ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ. ಉಗಾಂಡಾದಲ್ಲಿ ಸೈಮನ್ ಅರುಂಗ ಮತ್ತು ಸಂಗಡಿಗರು ಆಸ್ಪತ್ರೆಗೆ ಬಂದ ಕರಿಗುಡ್ಡೆ ಸೋಂಕಿನ ರೋಗಿಗಳನ್ನೇ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಆ ದಾರಿ ಆಸ್ಪತ್ರೆಗೆ ಬಾರದವರನ್ನು ಬಿಟ್ಟುಬಿಡುತ್ತದೆ. ಎರಡು ವಿಧಾನಗಳನ್ನು ಒಂದೇ ಜಿಲ್ಲೆಯಲ್ಲಿ ಹೇಗೆ ಜೋಡಿಸಬೇಕು ಎಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ. ಭತ್ತದ ಎರಡು ಕೊಯ್ಲುಗಳ ಕಾಲದಲ್ಲಿ ಗಂಗಾವತಿಯ ಹೊರರೋಗಿ ದಾಖಲೆಗಳನ್ನು ತಿಂಗಳುವಾರು ಎಣಿಸುವುದರಿಂದ ಆ ಕೆಲಸ ಶುರುವಾಗಬಹುದು.