ರಾವೂರದ ಪರ್ಸಿ ಕಲ್ಲೂ ಎಣ್ಣೆಯ ಲೆಕ್ಕವೂ

ರಾವೂರ, ವಾಡಿ, ಶಹಾಬಾದ ಕಡೆ ಪರ್ಸಿ ಖಣಿ ನೋಡದವರು ಯಾರಿದ್ದಾರೆ ಹೇಳಿ? ಪದರ ಪದರವಾಗಿ ಏಳುವ ಆ ಸುಣ್ಣದಕಲ್ಲು ಒಂದು ಕಾಲದ ಸಮುದ್ರದ ತಳ. ಕೆಸರು ತುಂಬಿ ಕಲ್ಲಾದ ಇಂಥ ತಗ್ಗಿಗೆ ಬೇಸಿನ್ ಅಂತಾರೆ. ದೇಶದ 26 ಬೇಸಿನ್‌ಗಳ ಪಟ್ಟಿಯಲ್ಲಿ ನಮ್ಮ ಭೀಮಾ–ಕಲಾದಗಿಯೂ ಇದೆ. ಹಾಗಾದ್ರೆ ಎಣ್ಣೆ?

ಇದಕ್ಕೆ ಲೆಕ್ಕದ ದಾರಿ ತೋರಿಸಿದ್ದು 1971ರಲ್ಲಿ ಸೋವಿಯತ್ ವಿಜ್ಞಾನಿ ಲೋಪಾಟಿನ್. ಹೂತುಹೋದ ಜೀವಾವಶೇಷ ಎಣ್ಣೆಯಾಗಲು ಬಿಸಿಯೂ ಬೇಕು, ಕಾಲವೂ ಬೇಕು. ಬಿಸಿ 10 ಡಿಗ್ರಿ ಏರಿದರೆ ವೇಗ ಇಮ್ಮಡಿ. 1980ರಲ್ಲಿ ವೇಪಲ್ಸ್ ಅದನ್ನು ಜನಪ್ರಿಯ ಮಾಡಿದರು. ಪೆನ್ಸಿಲ್, ಕಾಗದ ಇದ್ದರೆ ಸಾಕಿತ್ತು! ಅಷ್ಟರಲ್ಲಿ, 1978ರಲ್ಲೇ, ಯೂಕ್ಲರ್, ಕಾರ್ನ್‌ಫರ್ಡ್, ವೆಲ್ಟೆ ಕಂಪ್ಯೂಟರ್ ಮಾದರಿ ಪ್ರಕಟಿಸಿದ್ದರು. ಅದು ಒಂದೇ ಆಯಾಮದ್ದು, ಮೇಲಿಂದ ಕೆಳಕ್ಕೆ ಅಷ್ಟೇ. ಇವತ್ತಿನ ಸಾಫ್ಟ್‌ವೇರ್ ಇಡೀ ಬೇಸಿನ್ನನ್ನು ಮೂರು ಆಯಾಮದಲ್ಲಿ, ಎಣ್ಣೆ ಹರಿದ ದಾರಿ ಸಮೇತ ತೋರಿಸುತ್ತೆ.

ಈಗ ನಮ್ಮೂರ ಲೆಕ್ಕ. ಭೀಮಾ ಪದರಗಳ ಒಟ್ಟು ದಪ್ಪ ಸುಮಾರು 300 ಮೀಟರ್. ಕಿಲೋಮೀಟರ್ ಆಳಕ್ಕೆ 30 ಡಿಗ್ರಿ ಅಂತ ಹಿಡಿದರೂ ಹೆಚ್ಚಾಗೋದು 9 ಡಿಗ್ರಿ. ಎಣ್ಣೆಗೆ ಸುಮಾರು 60ರಿಂದ 120 ಡಿಗ್ರಿ ಬೇಕು. ಕಲ್ಲು ಹಳೆಯದು ಅನ್ನೋದು ಅಡ್ಡಿಯಲ್ಲ. ಒಮಾನ್‌ನಲ್ಲಿ 54 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳಿಂದ ಎಣ್ಣೆ ಬಂದಿದೆ. ಆದರೆ ಅಲ್ಲಿ ಪದರಗಳು ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಹೂತಿದ್ದವು.

ಆದ್ದರಿಂದ ಎಣ್ಣೆ ಸಿಗುತ್ತಂತೆ ಅಂತ ಯಾರಾದರೂ ನಿಮ್ಮ ಹೊಲಕ್ಕೆ ದರ ಕಟ್ಟಿದರೆ, ಮೊದಲು ಕೇಳಬೇಕಾದ್ದು ಇದು: ಈ ಕಲ್ಲಿನ ಮೇಲೆ ಇನ್ನೆಷ್ಟು ಪದರ ಇತ್ತು, ಎಷ್ಟು ಕೊಚ್ಚಿಹೋಯ್ತು? ಚಿಂಚೋಳಿ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದರ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಬೇಕು. ಈ ಅಂಕಿಗಳನ್ನು ಕಂಪ್ಯೂಟರ್ ತಾನಾಗಿ ಹುಟ್ಟಿಸಲ್ಲ, ಕಲ್ಲಿನಿಂದಲೇ ಓದಿ ಕೊಡಬೇಕು.