ಪಾತ್ರಾಭಿನಯ ಆಟಗಳಲ್ಲಿ ಆರಂಭಿಕ ನೆಲೆ

ಆರಂಭಿಕ ನೆಲೆ ಎಂದರೆ ಮೇಜಿನ ಸುತ್ತ ಕುಳಿತು ಆಡುವ ಅದ್ಭುತರಮ್ಯ ಪಾತ್ರಾಭಿನಯ ಆಟಗಳಲ್ಲಿ, ಕ್ಯಾಂಪೇನ್ ಎಂದು ಕರೆಯಲಾಗುವ ದೀರ್ಘ ಕಥಾಸರಣಿಯು ಪ್ರಾರಂಭವಾಗುವ ಸಣ್ಣ ಕಲ್ಪಿತ ಪ್ರದೇಶ. ಸಾಮಾನ್ಯವಾಗಿ ಇದು ಒಂದು ಹಳ್ಳಿ, ಗಡಿಕೋಟೆ ಅಥವಾ ಚಿಕ್ಕ ಪಟ್ಟಣವಾಗಿರುತ್ತದೆ. ಅದರ ಸಮೀಪದಲ್ಲಿ ಅಪಾಯಕಾರಿ ಗುಹೆಯೋ ಪಾಳುಬಿದ್ದ ಕಟ್ಟಡವೋ ಇರುತ್ತದೆ. ಆಟವನ್ನು ನಡೆಸುವವರನ್ನು ಡಂಜನ್ ಮಾಸ್ಟರ್ ಅಥವಾ ಗೇಮ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸುತ್ತಾರೆ.

ಹಿನ್ನೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವು ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನವೇ ಗೈಗ್ಯಾಕ್ಸ್ ಗ್ರೇಹಾಕ್ ಎಂಬ ಕೋಟೆಯ ಕೆಳಗಿನ ನೆಲಮಾಳಿಗೆಗಳನ್ನು ಚಿತ್ರಿಸಿ ಆಟವಾಡಿಸುತ್ತಿದ್ದರು. ಕೋಟೆಯ ಪಕ್ಕದ ನಗರವು ಆಮೇಲೆ ರೂಪುಗೊಂಡಿತು. ಇಡೀ ಗ್ರೇಹಾಕ್ ಜಗತ್ತಿನ ಭೂಪಟ ಸಹಿತ ವಿವರಣೆ ಅಚ್ಚಾದದ್ದು 1980ರಲ್ಲಿ.

ಪ್ರಮುಖ ಉದಾಹರಣೆಗಳು

1979ರಲ್ಲಿ ಪ್ರಕಟವಾದ ಗೈಗ್ಯಾಕ್ಸ್‌ರ 'ದ ವಿಲೇಜ್ ಆಫ್ ಹಾಮ್ಲೆಟ್' ಕೃತಿಯು ಒಂದು ಹಳ್ಳಿಯ ಮನೆಮನೆಯನ್ನೂ ವಿವರಿಸುತ್ತದೆ. ಅಲ್ಲಿನ ಇಬ್ಬರು ವ್ಯಾಪಾರಿಗಳು ಗುಟ್ಟಾಗಿ ದುಷ್ಟಶಕ್ತಿಯ ಪರವಾಗಿ ಕೆಲಸ ಮಾಡುವವರು. ಹೀಗಾಗಿ ಆಶ್ರಯದ ತಾಣವೇ ಕಥೆಯ ಭಾಗವಾಗುತ್ತದೆ. ಇದರ ಮುಂದುವರಿದ ಭಾಗವು 1985ರಲ್ಲಿ ಹೊರಬಂದಿತು.

ಅವರದೇ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ಕೃತಿಯು ಆಟದ ಪ್ರಾಥಮಿಕ ಪೆಟ್ಟಿಗೆಯೊಂದಿಗೆ ಬರುತ್ತಿದ್ದುದರಿಂದ ಬಹಳ ಮಂದಿ ಹೊಸಬರಿಗೆ ಪರಿಚಿತವಾಯಿತು. ಇದರಲ್ಲಿ ಕೋಟೆಯ ನಿವಾಸಿಗಳಿಗೆ ಹೆಸರುಗಳಿಲ್ಲ, ಹುದ್ದೆಗಳಷ್ಟೇ ಇವೆ; ಹೆಸರಿಡುವ ಕೆಲಸ ಡಂಜನ್ ಮಾಸ್ಟರ್‌ಗೆ ಸೇರಿದ್ದು.

2014ರ ಸ್ಟಾರ್ಟರ್ ಸೆಟ್‌ನಲ್ಲಿನ ಸಾಹಸಕಥೆಯು ಫ್ಯಾಂಡಾಲಿನ್ ಎಂಬ ಪುಟ್ಟ ಊರನ್ನು ನೆಲೆಯಾಗಿಸಿಕೊಂಡಿದೆ. ಪಾತ್ರಗಳು ಸರಕಿನ ಗಾಡಿಗೆ ಕಾವಲಾಗಿ ಅಲ್ಲಿಗೆ ಹೊರಡುತ್ತವೆ. ಇದೇ ಊರನ್ನು ಆಧರಿಸಿದ ವಿಸ್ತೃತ ಕೃತಿಯು 2023ರಲ್ಲಿ ಬಂದಿತು.

ಆಯ್ಕೆಯ ಅಂಶಗಳು

ಸಣ್ಣ ನೆಲೆಯ ಮುಖ್ಯ ಪ್ರಯೋಜನವೆಂದರೆ ಸಿದ್ಧತೆಯ ಹೊರೆ ಕಡಿಮೆಯಾಗುವುದು. ಆಟಗಾರರು ಎತ್ತ ಹೋಗುವರೆಂಬುದನ್ನು ಮೊದಲೇ ತಿಳಿಯಲಾಗದು. ಖಂಡಾಂತರಗಳ ಇತಿಹಾಸವನ್ನು ಬರೆದಿಟ್ಟರೂ ಅದರ ಬಹುಪಾಲು ಆಟದಲ್ಲಿ ಬಳಕೆಗೆ ಬಾರದೆ ಉಳಿಯಬಹುದು. ನೆಲೆಯನ್ನು ಆಯ್ದುಕೊಳ್ಳುವಾಗ ಸಾಮಾನ್ಯವಾಗಿ ಪರಿಗಣಿಸುವ ಅಂಶಗಳು ಇವು:

* ಪಾತ್ರಗಳು ತಂಗಲು, ಗಾಯ ಮಾಯಿಸಿಕೊಳ್ಳಲು, ಸಾಮಗ್ರಿ ಕೊಳ್ಳಲು ಒಂದು ಸುರಕ್ಷಿತ ಸ್ಥಳ
* ಒಂದು ದಿನದ ನಡಿಗೆಯೊಳಗೆ ತಲುಪಬಹುದಾದ ಸಾಹಸದ ತಾಣ
* ಪರಸ್ಪರ ಭಿನ್ನವಾದ ಆಸೆಗಳನ್ನುಳ್ಳ ಕೆಲವು ನಿವಾಸಿಗಳು
* ಊರಿನವರ ಶಕ್ತಿಗೆ ಮೀರಿದ ಒಂದು ಸಮಸ್ಯೆ
* ಹೊರಜಗತ್ತಿನತ್ತ ಕರೆದೊಯ್ಯುವ ದಾರಿ ಅಥವಾ ನದಿ

ಇವುಗಳಲ್ಲಿ ನಾಲ್ಕನೆಯದು ವಿಶೇಷ ಮಹತ್ವದ್ದು. ಊರಿನಲ್ಲಿಯೇ ಪ್ರಬಲ ಮಾಂತ್ರಿಕನಾಗಲಿ ದೊಡ್ಡ ಸೈನ್ಯವಾಗಲಿ ಇದ್ದರೆ, ಅನನುಭವಿ ಪಾತ್ರಗಳು ಏಕೆ ಪ್ರಾಣವನ್ನು ಪಣಕ್ಕೊಡ್ಡಬೇಕೆಂಬ ಪ್ರಶ್ನೆ ಏಳುತ್ತದೆ.

ಮಿತಿಗಳು

ನೆಲೆಯು ತೀರ ಇಕ್ಕಟ್ಟಾಗಿದ್ದು ಒಂದೇ ದಾರಿಯನ್ನು ತೋರಿದರೆ ಆಟಗಾರರ ಸ್ವಾತಂತ್ರ್ಯ ಕುಗ್ಗುತ್ತದೆ. ದೂರದ ದೇಶದ ರಾಜಕುಮಾರ ಅಥವಾ ಸಮುದ್ರಯಾನಿಯಂತಹ ಪಾತ್ರಗಳಿಗೆ ಹಳ್ಳಿಯೊಡನೆ ನಂಟು ಕಲ್ಪಿಸುವುದೂ ಕಷ್ಟ. ಇದಕ್ಕೆ ಪರಿಹಾರವಾಗಿ, ಪ್ರತಿಯೊಂದು ಪಾತ್ರಕ್ಕೂ ಊರಿನಲ್ಲಿ ಒಬ್ಬ ಬಂಧುವನ್ನೋ ಸಾಲಗಾರನನ್ನೋ ಆಟಗಾರರಿಂದಲೇ ಸೂಚಿಸಿಕೊಳ್ಳುವ ಪದ್ಧತಿಯಿದೆ. ನಗರದ ಒಂದೇ ಕೇರಿಯನ್ನು ಅಥವಾ ಒಂದು ಹಡಗನ್ನು ಆರಂಭಿಕ ನೆಲೆಯಾಗಿ ಬಳಸುವುದೂ ಉಂಟು.