ಸಾಣೆ ಹಿಡಿದ ಅಲಗು ಮತ್ತು ಗ್ರಂಥದ ಅಂಚು

ಗ್ರಂಥಗಳ ಇತಿಹಾಸವನ್ನು ಬರೆಯುವಾಗ ಕವಿ, ಲಿಪಿಕಾರ, ಮುದ್ರಕ, ಪ್ರಕಾಶಕ ಇವರೆಲ್ಲರಿಗೂ ಸ್ಥಾನ ದೊರೆಯುತ್ತದೆ. ಹಾಳೆಯ ಅಂಚನ್ನು ಸಮಮಾಡುವ ಅಲಗಿಗಾಗಲಿ, ಆ ಅಲಗನ್ನು ಹರಿತಗೊಳಿಸುವ ಸಾಣೆಕಲ್ಲಿಗಾಗಲಿ ಅಲ್ಲಿ ಎಡೆ ಸಿಗುವುದು ಅಪರೂಪ. ಆದರೆ ಹಳೆಯ ಪುಸ್ತಕವೊಂದರ ಅಂಚಿನಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅಲಗಿನ ಬಾಯಿ ಮತ್ತು ಅದನ್ನು ಹಿಡಿದ ಕೈ. ಆದ್ದರಿಂದ ಕಾಗದ ಕತ್ತರಿಸುವ ಅಲಗನ್ನು ಮಸೆಯುವ ಕೆಲಸ ಕೇವಲ ಕುಶಲಕರ್ಮಿಯ ವಿಷಯವಲ್ಲ. ಅದು ಪಠ್ಯದ ಉಳಿವಿಗೂ ಸಂಬಂಧಿಸಿದ್ದು.

ಕನ್ನಡವು ಈ ಕ್ರಿಯೆಗೆ ಎರಡು ಮಾತುಗಳನ್ನು ಇಟ್ಟುಕೊಂಡಿದೆ. ಒಂದು ‘ಮಸೆ’, ಇನ್ನೊಂದು ‘ಸಾಣೆ ಹಿಡಿ’. ಕೆಲಸ ಒಂದೇ ಆದರೂ ಭಾವ ಬೇರೆ. ಕತ್ತಿ ಮಸೆಯುವುದು, ಹಲ್ಲು ಮಸೆಯುವುದು ಎಂದಾಗ ದ್ವೇಷ ಸೂಚಿತವಾಗುತ್ತದೆ. ಸಾಣೆ ಹಿಡಿದ ಬುದ್ಧಿ, ಸಾಣೆ ಹಿಡಿದ ರತ್ನ ಎಂದಾಗ ಸಂಸ್ಕಾರ ಸೂಚಿತವಾಗುತ್ತದೆ. ಗ್ರಂಥದ ಅಂಚನ್ನು ಮುಟ್ಟಿದ ಅಲಗಿನ ಚರಿತ್ರೆಯಲ್ಲಿ ಈ ಎರಡು ಮುಖಗಳೂ ಕಾಣಸಿಗುತ್ತವೆ.

ಯಂತ್ರಗಳು ಬರುವುದಕ್ಕೆ ಮೊದಲು ಯುರೋಪಿನ ಪುಸ್ತಕ ಕಟ್ಟುವವರು ಬಳಸುತ್ತಿದ್ದ ಸಾಧನಕ್ಕೆ ಇಂಗ್ಲಿಷಿನಲ್ಲಿ ‘ಪ್ಲೌ’, ಎಂದರೆ ನೇಗಿಲು, ಎಂದು ಹೆಸರು. ಹೊಲಿದ ಹಾಳೆಗಳ ಕಟ್ಟನ್ನು ಎರಡು ಮರದ ದಿಮ್ಮಿಗಳ ನಡುವೆ ತಿರುಪುಗಳಿಂದ ಬಿಗಿದು, ದಿಮ್ಮಿಯ ಮೇಲೆ ಈ ನೇಗಿಲನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದರು. ಪ್ರತಿ ಸಲವೂ ತಿರುಪನ್ನು ಸ್ವಲ್ಪವೇ ತಿರುಗಿಸಿದಾಗ ಅಲಗು ಕೆಲವೇ ಹಾಳೆಗಳನ್ನು ಕೊಯ್ದು ಮುಂದೆ ಸಾಗುತ್ತಿತ್ತು. 1772ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ದ್ಯೂದಾನನ ಪುಸ್ತಕ ಕಟ್ಟುವ ಕಲೆಯ ಕೃತಿಯು ಈ ಬಗೆಯ ಕೈಗೆಲಸದ ಕಾಲಕ್ಕೆ ಸೇರಿದ್ದು.

ನೇಗಿಲಿನ ಅಲಗಿಗೆ ಒಂದು ವಿಶೇಷವಿದೆ. ಅದರ ಒಂದು ಮೈ ಪೂರ್ಣ ಸಪಾಟಾಗಿರಬೇಕು. ಇನ್ನೊಂದು ಮೈ ಮಾತ್ರ ಓರೆಯಾಗಿ ಇಳಿದು ಬಾಯಿಯಲ್ಲಿ ಕೂಡಬೇಕು. ಆದ್ದರಿಂದ ಓರೆ ಇರುವ ಮೈಯನ್ನೇ ಕಲ್ಲಿನ ಮೇಲೆ, ಓರೆಯ ಕೋನ ಕದಲದಂತೆ, ಮೊದಲು ಒರಟು ಕಲ್ಲಿನಲ್ಲೂ ಅನಂತರ ನಯವಾದ ಕಲ್ಲಿನಲ್ಲೂ ಉಜ್ಜಬೇಕು. ಹಾಗೆ ಉಜ್ಜಿದಾಗ ಬಾಯಿಯ ಹಿಂಬದಿಗೆ ತೆಳ್ಳನೆಯ ಲೋಹದ ಸಿಬಿರು ಏಳುತ್ತದೆ. ಅದನ್ನು ತೆಗೆಯಲು ಸಪಾಟು ಮೈಯನ್ನು ಕಲ್ಲಿಗೆ ಪೂರ್ತಿಯಾಗಿ ಒರಗಿಸಿ ಒಂದೆರಡು ಬಾರಿ ಎಳೆದರೆ ಸಾಕು. ಅವಸರದಿಂದ ಸಪಾಟು ಮೈಯನ್ನೂ ಎತ್ತಿ ಉಜ್ಜಿದರೆ ಅಲಗು ತನ್ನ ದಾರಿ ಬಿಟ್ಟು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಕಟ್ಟಿನ ಮೊದಲ ಹಾಳೆಗೂ ಕೊನೆಯ ಹಾಳೆಗೂ ಅಳತೆಯೇ ಬೇರೆಯಾಗುತ್ತದೆ.

ಮೊಂಡು ಅಲಗಿನಿಂದ ಒದಗುವ ನಷ್ಟ ಇದಕ್ಕಿಂತ ದೊಡ್ಡದು. ಅದು ಕಾಗದವನ್ನು ಕೊಯ್ಯುವುದಿಲ್ಲ, ಎಳೆದು ಹರಿಯುತ್ತದೆ. ಹರಿದ ಅಂಚನ್ನು ಸರಿಪಡಿಸಲು ಮತ್ತೊಂದು ಸಲ ಕತ್ತರಿಸಬೇಕು. ಅದೂ ಕೆಟ್ಟರೆ ಮಗುದೊಮ್ಮೆ. ಒಂದೊಂದು ಸಲಕ್ಕೂ ಅಂಚು ಒಳಕ್ಕೆ ಸರಿದು ಅಕ್ಷರವನ್ನು ಸಮೀಪಿಸುತ್ತದೆ. ಹೀಗೆ ನೋಡಿದರೆ ಸಾಣೆಕಲ್ಲು ಅಂಚಿನ ಕಾವಲುಗಾರ. ಹರಿತವಾದ ಅಲಗು ಕಡಿಮೆ ಕತ್ತರಿಸಿ ಕೆಲಸ ಮುಗಿಸಬಲ್ಲದು.

ಆದರೆ ಹರಿತವೊಂದೇ ಗ್ರಂಥವನ್ನು ಕಾಯಲಾರದು ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷ್ಯಗಳಿವೆ. ಲಂಡನ್ನಿನ ಮುದ್ರಕ ಹಾಗೂ ಮುದ್ರಣ ಇತಿಹಾಸಕಾರ ವಿಲಿಯಂ ಬ್ಲೇಡ್ಸ್ 1880ರಲ್ಲಿ ಪ್ರಕಟಿಸಿದ ‘ದಿ ಎನಿಮೀಸ್ ಆಫ್ ಬುಕ್ಸ್’ ಎಂಬ ಕೃತಿಯಲ್ಲಿ ಬೆಂಕಿ, ನೀರು, ಧೂಳು, ಹುಳುಗಳ ಸಾಲಿನಲ್ಲೇ ಪುಸ್ತಕ ಕಟ್ಟುವವರಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟ. ಅಲಗು ಎಂಬ ಅರ್ಥ ಕೊಡುವ ಮನೆತನದ ಹೆಸರನ್ನು ಹೊತ್ತವನೇ ಅಲಗಿನ ಮೇಲೆ ದೂರು ಹೇಳಿದ್ದು ಕಾಕತಾಳೀಯ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಪ್ರಸಿದ್ಧ ಕಟ್ಟುಗಾರ ದೆ ರೋಮನನ್ನು ಅವನು ಅಲ್ಲಿ ಉದಾಹರಿಸುತ್ತಾನೆ. ತನ್ನ ಬಳಿಗೆ ಬಂದ ಪುಸ್ತಕಗಳ ಅಂಚನ್ನೆಲ್ಲ ಮೊಟಕುಗೊಳಿಸುವ ಚಟ ಆತನಿಗಿತ್ತೆಂದೂ, ಗ್ರಂಥಪ್ರೇಮಿ ದೆ ಥೂನ ಹಸ್ತಾಕ್ಷರವಿದ್ದ ಚರ್ಮಪತ್ರದ ಫ್ರ್ವಾಸಾರ್ ಚರಿತ್ರೆಯೂ ಆತನ ಕೈಯಿಂದ ಪಾರಾಗಲಿಲ್ಲವೆಂದೂ ಬ್ಲೇಡ್ಸ್ ಬರೆದಿದ್ದಾನೆ. ಐರ್ಲೆಂಡಿನ ಸುಪ್ರಸಿದ್ಧ ‘ಬುಕ್ ಆಫ್ ಕೆಲ್ಸ್’ ಹಸ್ತಪ್ರತಿಗೂ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಗತಿ ಒದಗಿತು. ಮರುಕಟ್ಟುವಾಗ ಅಂಚುಗಳನ್ನು ಕತ್ತರಿಸಿದ್ದರಿಂದ ಕೆಲವು ಪುಟಗಳಲ್ಲಿ ಚಿತ್ರಾಲಂಕಾರದ ಭಾಗವೇ ಹೋಯಿತು. ಅಲ್ಲಿ ಕೊರತೆಯಾದದ್ದು ವಿವೇಚನೆಯೇ ಹೊರತು ಹರಿತವಲ್ಲ.

ಅಂಚಿನಲ್ಲಿ ಕಳೆದುಹೋಗುವುದು ಬರಿಯ ಬಿಳಿಯ ಕಾಗದವಲ್ಲ. ಓದುಗರು ಬರೆದಿಟ್ಟ ಟಿಪ್ಪಣಿ, ಪುಟದ ತಲೆಬರಹ, ಅಡಿಯಲ್ಲಿ ಮುದ್ರಕನು ಹಾಳೆಗಳ ಕ್ರಮಕ್ಕಾಗಿ ಹಾಕಿದ ಗುರುತು, ಮುಂದಿನ ಪುಟದ ಮೊದಲ ಪದ ಇವೆಲ್ಲ ಅಲ್ಲಿರುತ್ತವೆ. ಹದಿನೇಳನೆಯ ಶತಮಾನದ ಎಲ್ಜೆವಿರ್ ಮುದ್ರಣಗಳ ಎತ್ತರವನ್ನು ಸಂಗ್ರಾಹಕರು ಮಿಲಿಮೀಟರಿನ ಲೆಕ್ಕದಲ್ಲಿ ಅಳೆದು ಬೆಲೆಕಟ್ಟಿದ್ದು ಇದೇ ಕಾರಣಕ್ಕೆ. ಎತ್ತರವಾದ ಪ್ರತಿ ಎಂದರೆ ಅಲಗಿಗೆ ಕಡಿಮೆ ಸಿಕ್ಕಿದ ಪ್ರತಿ. ಕೆಲವು ಹಳೆಯ ಪುಸ್ತಕಗಳಲ್ಲಿ ಟಿಪ್ಪಣಿ ಇರುವ ಹಾಳೆಯ ಅಂಚನ್ನಷ್ಟೇ ಒಳಕ್ಕೆ ಮಡಿಸಿ ಉಳಿದುದನ್ನು ಕತ್ತರಿಸಿರುವುದು ಕಾಣಸಿಗುತ್ತದೆ. ಆ ಮಡಿಕೆಯನ್ನು ಬಿಚ್ಚಿದರೆ ಪುಸ್ತಕ ಮೊದಲು ಎಷ್ಟು ಅಗಲವಿತ್ತು ಎಂಬುದು ತಿಳಿಯುತ್ತದೆ. ಹೆಸರೇ ಉಳಿಯದ ಕಟ್ಟುಗಾರನೊಬ್ಬನ ವಿವೇಕಕ್ಕೆ ಆ ಮಡಿಕೆಯೇ ಶಾಸನ.

1844ರಲ್ಲಿ ಫ್ರಾನ್ಸಿನ ಗಿಯೋಮ್ ಮಾಸಿಕೋ ರೂಪಿಸಿದ ಕತ್ತರಿಸುವ ಯಂತ್ರದಿಂದ ಕೆಲಸದ ಸ್ವರೂಪ ಬದಲಾಯಿತು. ಈ ಬಗೆಯ ಯಂತ್ರದಲ್ಲಿ ಉದ್ದನೆಯ ಅಲಗು ನೇರವಾಗಿ ಬೀಳದೆ ಓರೆಯಾಗಿ ಜಾರುತ್ತ ಇಳಿಯುವುದರಿಂದ ದಪ್ಪ ಕಟ್ಟೂ ಒಂದೇ ಏಟಿಗೆ ಕತ್ತರಿಸಲ್ಪಡುತ್ತದೆ. ನೇಗಿಲಿನ ಕೆಲಸದಲ್ಲಿ ಒಂದೊಂದು ತಿರುವಿಗೂ ತಡೆದು ನೋಡಲು ಬಿಡುವಿತ್ತು. ಯಂತ್ರದಲ್ಲಿ ತಪ್ಪು ಅಳತೆ ಇಡೀ ಕಟ್ಟನ್ನು ಒಮ್ಮೆಗೇ ಕೆಡಿಸುತ್ತದೆ. ಉದ್ದನೆಯ ಅಲಗಿನ ಬಾಯಿಯನ್ನು ತುದಿಯಿಂದ ತುದಿಯವರೆಗೆ ನೇರವಾಗಿಡಲು ಮನೆಯ ಕಲ್ಲು ಸಾಲದು. ಹೀಗಾಗಿ ಅದನ್ನು ಸಾಣೆಯಂತ್ರಕ್ಕೆ ಒಪ್ಪಿಸುವುದು ರೂಢಿಯಾಯಿತು. ಸಣ್ಣ ಅಲಗುಗಳು ಮಾತ್ರ ಇಂದಿಗೂ ಮನೆಯ ಕಲ್ಲಿನಲ್ಲೇ ಹರಿತಗೊಳ್ಳುತ್ತವೆ. ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಓರೆ ಕಾಗದಕ್ಕೆ ಹೊಂದುತ್ತದೆ. ಅದಕ್ಕಿಂತ ತೆಳುವಾದರೆ ಬಾಯಿ ಚಕ್ಕೆಯೇಳುತ್ತದೆ, ದಪ್ಪವಾದರೆ ಬಲಪ್ರಯೋಗ ಬೇಕಾಗುತ್ತದೆ. ಬಿಳಿಯ ಜೇಡಿಯ ಲೇಪವಿರುವ ಹೊಳಪಿನ ಕಾಗದ ಅಲಗನ್ನು ಬೇಗ ಮೊಂಡಾಗಿಸುತ್ತದೆ.

ಕನ್ನಡದ ಓಲೆಗರಿಯ ಪರಂಪರೆಯೂ ಈ ಹದವನ್ನು ಬಲ್ಲದು. ಗರಿಗಳನ್ನು ಒಂದೇ ಅಳತೆಗೆ ಕತ್ತರಿಸಿ ಸಮಮಾಡಿದ ಮೇಲೆಯೇ ಬರವಣಿಗೆ. ಬರೆಯುವ ಕಂಠವು ಮೊಂಡಾದರೆ ಅಕ್ಷರ ಮೂಡದು, ಅತಿ ಚೂಪಾದರೆ ಗರಿಯೇ ಸೀಳುತ್ತದೆ. ಗರಿಯ ಸಂಖ್ಯೆಯನ್ನು ಎಡ ಅಂಚಿನಲ್ಲಿ ಬರೆದಿರುವ ಕಟ್ಟುಗಳಲ್ಲಿ ಅಂಚು ಮುರಿದರೆ ಮೊದಲು ಕಳೆದುಹೋಗುವುದು ಕ್ರಮ. ಸಂಪಾದಕನು ಅದನ್ನು ಪಠ್ಯದ ಒಳಸಾಕ್ಷ್ಯದಿಂದಲೇ ಮತ್ತೆ ಕಟ್ಟಬೇಕಾಗುತ್ತದೆ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಸ್ಥಾಪನೆಯಾದ ಅನಂತರ ಮುದ್ರಣದ ಪಸರಣದೊಂದಿಗೆ ಕನ್ನಡ ಓದುಗನ ಕೈಗೆ ಗರಿಯ ಬದಲು ಹೊಲಿದು ಕತ್ತರಿಸಿದ ಕಾಗದದ ಪುಸ್ತಕ ಹೆಚ್ಚುಹೆಚ್ಚಾಗಿ ಬಂದಿತು. ಅಂಚಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಹಳೆಯ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಸಂಶೋಧಕನು ಪಠ್ಯಕ್ಕೆ ಮೊದಲು ಅಂಚನ್ನು ನೋಡುವುದು ಉಚಿತ. ಅಂಚಿನ ಬರಹ ಅರ್ಧದಲ್ಲಿ ತುಂಡಾಗಿದೆಯೆ, ಮೇಲಂಚಿಗಿಂತ ಕೆಳಅಂಚು ಅಸಹಜವಾಗಿ ಕಿರಿದಾಗಿದೆಯೆ, ಎಲ್ಲಿಯಾದರೂ ಮಡಿಸಿದ ಹಾಳೆ ಉಳಿದಿದೆಯೆ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರವೂ ಆ ಗ್ರಂಥದ ಚರಿತ್ರೆಯ ಭಾಗವೇ. ಪುಸ್ತಕವನ್ನು ಮನೆಯಲ್ಲಿ ಕಟ್ಟುವವನಿಗೂ ಇದೇ ಪಾಠ ಅನ್ವಯಿಸುತ್ತದೆ. ಅಲಗನ್ನು ಚೆನ್ನಾಗಿ ಸಾಣೆ ಹಿಡಿಯಬೇಕು. ಆಮೇಲೆ ಕತ್ತರಿಸಲೇಬೇಕೆ ಎಂದು ಇನ್ನೊಮ್ಮೆ ಯೋಚಿಸಬೇಕು. ಮೊಂಡಾದ ಅಲಗನ್ನು ಮತ್ತೆ ಹರಿತಗೊಳಿಸಬಹುದು, ಕತ್ತರಿಸಿಹೋದ ಅಂಚನ್ನು ಮತ್ತೆ ಕೂಡಿಸಲಾಗದು.